ಹನ್ನೆರಡು ಅಂಬು, ಒಂದೇ ಸಮ

ತೋಟದ ಬೇಲಿಯಂಚಿನಲ್ಲೋ ಹಳ್ಳದ ದಡದಲ್ಲೋ ಒಂದು ಬಿದಿರ ಮೆಳೆ ಇಲ್ಲದ ಬೆಳೆಗಾರರು ನಮ್ಮಲ್ಲಿ ಕಡಿಮೆ. ಮೆಣಸು ಬಿಡಿಸುವ ಏಣಿಗೆ, ಗೊನೆ ಬಿಟ್ಟ ಬಾಳೆಯ ಊರುಗೋಲಿಗೆ, ಅಂಗಳದ ಚಪ್ಪರಕ್ಕೆ ನಾಲ್ಕಾರು ಗಳ ಕಡಿಯುತ್ತೇವೆ. ಉಳಿದದ್ದು ಮೆಳೆಯಲ್ಲೇ ಒಣಗಿ, ಒಂದರ ಮೇಲೊಂದು ಒರಗಿ, ಗೆದ್ದಲಿನ ಪಾಲಾಗುತ್ತದೆ. ಹೀಗೆ ಹಾಳಾಗುವ ಬಿದಿರಿನಿಂದ ನಮ್ಮ ಹಿಂದಿನವರು ಮಾಡುತ್ತಿದ್ದ ಒಂದು ವಸ್ತುವಿನ ಬಗ್ಗೆ ಈ ಸಂಚಿಕೆಯಲ್ಲಿ ಬರೆಯಬೇಕೆಂದು ಹೊರಟಿದ್ದೇವೆ. ಅದು ಅಂಬು, ಬಿಲ್ಲಿಗೆ ಹೂಡುವ ಬಾಣ.

ಇಂದಿನ ದಿನ ಬೆಳೆಗಾರರಿಗೆ ಅಂಬಿನಿಂದ ಏನಾಗಬೇಕು ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಅಂಬು ಮಾಡಿ ಹಣ ಗಳಿಸಿರೆಂದು ನಾವು ಹೇಳುವುದಿಲ್ಲ. ಆದರೆ ಗ್ರಾಮಾಂತರದ ಮಕ್ಕಳು ಬಿಲ್ಲುವಿದ್ಯೆ ಕಲಿಯಬೇಕಾದರೆ ಮೊದಲ ತೊಡಕು ಅಂಬಿನ ಬೆಲೆ. ಆ ತೊಡಕನ್ನು ಬಿಡಿಸುವ ಬಿದಿರು ನಮ್ಮ ತೋಟದಲ್ಲಿದೆ, ಅದನ್ನು ಸೀಳುವ ಕೈ ನಮ್ಮ ಊರಿನಲ್ಲೇ ಇನ್ನೂ ಇದೆ. ಎರಡೂ ಒಟ್ಟುಗೂಡಿಲ್ಲ, ಅಷ್ಟೆ.

ಕಲ್ಲಿನಲ್ಲಿ ಉಳಿದ ಬಿಲ್ಲು

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳನ್ನು ಬೆಂಗಳೂರು ಗ್ರಾಮಾಂತರವೆಂದು ಕರೆದು ಬಂದಿದ್ದೇವೆ. ರಾಗಿ, ರೇಷ್ಮೆ, ದ್ರಾಕ್ಷಿಯ ಈ ನೆಲದಲ್ಲಿ ಕೊಳವೆ ಬಾವಿಯ ನೀರಿಗೆ ಅಡಿಕೆ ಇಟ್ಟವರೂ ಇದ್ದಾರೆ. ಇಲ್ಲಿನ ಹಳ್ಳಿಗಳಲ್ಲಿ ಕೆರೆ ಏರಿಯ ಮೇಲೆ, ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ವೀರಗಲ್ಲುಗಳು ನಿಂತಿವೆ. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಈ ತಾಲ್ಲೂಕುಗಳ ವೀರಗಲ್ಲುಗಳ ಬರಹ ಸೇರಿದೆ. ಊರಿನ ದನಗಳನ್ನು ಹೊಡೆದುಕೊಂಡು ಹೋದವರ ಬೆನ್ನಟ್ಟಿ ತುರುಗಳನ್ನು ಬಿಡಿಸಿ ಸತ್ತವನ ನೆನಪಿಗೆ ನಿಲ್ಲಿಸಿದವು ಅವುಗಳಲ್ಲಿ ಹಲವು. ಸತ್ತವನು ಅರಸನಲ್ಲ, ಬಹುಮಟ್ಟಿಗೆ ಊರಿನ ಒಕ್ಕಲಿನ ಗಂಡಾಳು. ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಅಂಬು ಅಥವಾ ಕಿರುಗತ್ತಿ. ಕೆಲವು ಕಲ್ಲುಗಳಲ್ಲಿ ಮೈಗೆ ನೆಟ್ಟ ಅಂಬುಗಳನ್ನೂ ಶಿಲ್ಪಿ ಬಿಡದೆ ಕೆತ್ತಿದ್ದಾನೆ.

ಊರು ಊರಿಗೂ ಬಿಲ್ಲಾಳುಗಳಿದ್ದ ಮೇಲೆ ಊರು ಊರಿಗೂ ಅಂಬು ಮಾಡುವವರು ಇರಲೇಬೇಕು. ಹಾರಿದ ಅಂಬು ಮುರಿಯುತ್ತದೆ, ಕಳೆದುಹೋಗುತ್ತದೆ. ಒಂದು ಬಿಲ್ಲು ಹಲವು ವರ್ಷ ಬಾಳಿದರೆ ಅದರ ಜೊತೆಗೆ ನೂರಾರು ಅಂಬು ಬೇಕು. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ಅಂಬು, ಕಣೆ, ಸರಳು ಎಂದು ಮೂರು ಹೆಸರು, ಮುಂದಿನ ಅಲಗು, ಮೊನೆ, ಹಿಂದಿನ ಗರಿ, ಹಿಳುಕು, ಇಡುವುದಕ್ಕೆ ಬತ್ತಳಿಕೆ. ಬಳಕೆಯಿಲ್ಲದ ವಸ್ತುವಿಗೆ ಯಾವ ಭಾಷೆಯೂ ಇಷ್ಟು ಮಾತು ಹುಟ್ಟಿಸುವುದಿಲ್ಲ. ಸಂಸ್ಕೃತದ ‘ಶರ’ ಎಂಬ ಮಾತಿಗೆ ಜೊಂಡಿನ ಜಾತಿಯ ಹುಲ್ಲು ಎಂಬ ಅರ್ಥವೂ ಉಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಶಸ್ತ್ರವಿನೋದಕ್ಕೂ ಸ್ಥಾನ ಕೊಟ್ಟಿದ್ದಾನೆ.

ಕೋವಿ ಬಂದ ಮೇಲೂ ಬಿಲ್ಲು ಒಮ್ಮೆಲೇ ಮಾಯವಾಗಲಿಲ್ಲ. ನಮ್ಮ ಕೊಡಗಿಗೆ ಹೊಂದಿಕೊಂಡ ವಯನಾಡು ಕೂಡ ಕಾಫಿ ಅಡಿಕೆಯ ಸೀಮೆ. ಅಲ್ಲಿ 1802ರಲ್ಲಿ ಪಳಶ್ಶಿ ರಾಜನ ಪರವಾಗಿ ತಲಕ್ಕಲ್ ಚಂದು ಎಂಬ ಕುರಿಚ್ಯ ನಾಯಕನು ತನ್ನ ಬಿಲ್ಲಾಳುಗಳೊಂದಿಗೆ ಪನಮರಂ ಕೋಟೆಯ ಇಂಗ್ಲಿಷ್ ಕಂಪನಿಯ ಸೈನ್ಯದ ಮೇಲೆ ಬಿದ್ದು ಕೋಟೆಯನ್ನು ಗೆದ್ದುಕೊಂಡ. ಬಯಲುಸೀಮೆಯಲ್ಲಿ ಮಾತ್ರ ಬಿಲ್ಲು ಹಬ್ಬಕ್ಕೆ ಸರಿದು ನಿಂತಿತು. ವಿಜಯದಶಮಿಯ ಸಂಜೆ ದೇವರನ್ನು ಬನ್ನಿ ಮರದ ಬಳಿಗೆ ಹೊರಡಿಸಿ, ಪೂಜೆ ಮಾಡಿ, ಅಂಬು ಹಾಕುವ ಪದ್ಧತಿ ಹಲವು ಊರುಗಳಲ್ಲಿ ಉಳಿದಿದೆ. ಆ ಒಂದು ಸಂಜೆಗೆ ಎಂಥ ಕಡ್ಡಿಯಾದರೂ ನಡೆಯುತ್ತದೆ. ಹೀಗಾಗಿ ಅಂಬಿನ ಶಾಸ್ತ್ರ ಉಳಿಯಿತು, ಅಂಬು ಮಾಡುವ ಕೆಲಸ ಹೋಯಿತು.

ಚಂದ್ರಿಕೆ ಹೆಣೆದ ಕೈ

ಕೆಲಸ ಹೋದರೂ ಅದಕ್ಕೆ ಬೇಕಾದ ಕೈ ಹೋಗಿಲ್ಲ. ಬಿದಿರನ್ನು ಕಣ್ಣಳತೆಯಲ್ಲೇ ಒಂದೇ ದಪ್ಪಕ್ಕೆ ಸೀಳುವ ವಿದ್ಯೆ ಮೇದರದು. ನಮ್ಮ ಮೊರ, ಬುಟ್ಟಿ, ಕುಕ್ಕೆ, ತಟ್ಟಿಗಳೆಲ್ಲ ಅವರ ಕೈಯಿಂದ ಬಂದವು. ಕೊಡಗಿನ ಮೇದರೂ ಇದೇ ಕಸುಬಿನವರು. ಬೆಂಗಳೂರು ಗ್ರಾಮಾಂತರದಲ್ಲಿ ಅವರಿಗೆ ದೊಡ್ಡ ಕೆಲಸ ಕೊಟ್ಟದ್ದು ರೇಷ್ಮೆ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಚಂದ್ರಿಕೆ ಬಿದಿರಿನದು; ಅಗಲವಾದ ಚಾಪೆಯ ಮೇಲೆ ತೆಳು ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಬೇಕು. ಪಟ್ಟಿಯ ದಪ್ಪ, ಸುರುಳಿಯ ಅಂತರ ಹೆಚ್ಚುಕಡಿಮೆಯಾದರೆ ಗೂಡು ಕೆಡುತ್ತದೆ. ಈಗ ಹುಳು ಸಾಕುವ ಮನೆಗಳಿಗೆ ಪ್ಲಾಸ್ಟಿಕ್ ನೇತ್ರಿಕೆ ಬಂದು ಚಂದ್ರಿಕೆಯ ಬೇಡಿಕೆ ಕುಗ್ಗಿದೆ. ಪ್ಲಾಸ್ಟಿಕ್ ಬುಟ್ಟಿ ಬಂದಾಗ ನಾವೂ ಬಿದಿರ ಬುಟ್ಟಿ ಬಿಟ್ಟವರೇ.

ಅಂಬಿನ ಕೆಲಸದ ಗುಟ್ಟೂ ಮೇದರ ಈ ಒಂದೇ ಗುಣದಲ್ಲಿದೆ, ಸಮ ಮಾಡುವುದರಲ್ಲಿ. ಒಂದು ಒಳ್ಳೆಯ ಅಂಬು ಮಾಡುವುದು ಕಷ್ಟವಲ್ಲ. ಹನ್ನೆರಡು ಅಂಬುಗಳನ್ನು ಒಂದರಂತೆ ಇನ್ನೊಂದು ಇರುವಂತೆ ಮಾಡುವುದೇ ಕಸುಬು. ಕಾಫಿ ಬೀಜವನ್ನು ಜಾಲರಿಯಲ್ಲಿ ಜಾಲಿಸಿ ‘ಎ’, ‘ಬಿ’, ‘ಪೀಬೆರಿ’ ಎಂದು ಬೇರೆ ಮಾಡುವುದೂ, ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ಆರಿಸುವುದೂ ಇದೇ ಕಾರಣಕ್ಕೆ. ಗಾತ್ರ ಬೆರೆತ ಬೀಜ ಒಂದೇ ಹದದಲ್ಲಿ ಹುರಿಯುವುದಿಲ್ಲ. ತೂಕ, ಗಡಸು ಬೆರೆತ ಅಂಬುಗಳು ಒಂದೇ ಕಡೆ ಹೋಗುವುದಿಲ್ಲ. ಬಿಟ್ಟವನ ಕೈ ಎಷ್ಟೇ ಸ್ಥಿರವಾಗಿದ್ದರೂ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಕಲಿಯುವ ಹುಡುಗ ತಪ್ಪು ತನ್ನದೋ ಅಂಬಿನದೋ ತಿಳಿಯದೆ ಸೋಲುತ್ತಾನೆ. ಅಮೆರಿಕದಲ್ಲಿ ಮರದ ಅಂಬು ಮಾಡುತ್ತಿದ್ದ ಡಗ್ ಈಸ್ಟನ್ ಎಂಬಾತ 1939ರಲ್ಲಿ ಅಲ್ಯೂಮಿನಿಯಂ ಅಂಬಿಗೆ ಕೈಹಾಕಿದ್ದಕ್ಕೂ ಮರದಲ್ಲಿ ಸಮತೆ ಸಿಗುವುದಿಲ್ಲ ಎಂಬುದೇ ಕಾರಣ. ಯಂತ್ರವಿಲ್ಲದೆ ಆ ಸಮತೆಯ ಹತ್ತಿರ ಹೋಗುವ ಬಗೆಯನ್ನು ಮುಂದೆ ಹೇಳುತ್ತೇವೆ.

ಯಾವ ಬಿದಿರು, ಯಾವಾಗ ಕಡಿಯುವುದು

ಮೊದಲಿಗೆ ಒಂದು ಸ್ಪಷ್ಟನೆ. ಇಂಗ್ಲಿಷ್ ಪುಸ್ತಕಗಳಲ್ಲಿ ಅಂಬಿಗೆ ‘ಕೇನ್’ ಬಳಸುತ್ತಾರೆಂದು ಬರೆದಿರುವುದನ್ನು ಓದಿ ನಮ್ಮ ಕಾಡಿನ ಬೆತ್ತವೆಂದು ತಿಳಿಯಬಾರದು. ಅವರು ಹೇಳುವುದು ಹೆಚ್ಚಾಗಿ ಸಣ್ಣ ಬಿದಿರು ಅಥವಾ ಜೊಂಡಿನ ಕಡ್ಡಿ. ಬೆತ್ತ ಬಳುಕಿದರೆ ಬಳುಕಿದಂತೆಯೇ ಉಳಿಯುವ ಸ್ವಭಾವದ್ದು, ಆದ್ದರಿಂದಲೇ ಕುರ್ಚಿಗೆ ಒಳ್ಳೆಯದು. ಅಂಬಿಗೆ ಬೇಕಾದದ್ದು ಬಳುಕಿ ಕೂಡಲೇ ನೆಟ್ಟಗಾಗುವ ಗುಣ. ಅದು ಬಿದಿರಿನದು. ಅಡಿಕೆ ದಬ್ಬೆಯಿಂದಾಗದೇ ಎಂದು ಕೇಳುವವರಿಗೆ: ದಬ್ಬೆ ಗಟ್ಟಿಯೇನೋ ಹೌದು, ಆದರೆ ಭಾರ, ನಾರು ಎದ್ದು ಸಿಬಿರು ಕೈಗೆ ಚುಚ್ಚುತ್ತದೆ. ಅದನ್ನು ಗುರಿಯ ಹಲಗೆ ನಿಲ್ಲಿಸುವ ಚೌಕಟ್ಟಿಗೆ ಇಟ್ಟುಕೊಳ್ಳಿ.

ಬಿದಿರಿನಲ್ಲಿ ಗೋಡೆ ದಪ್ಪವಾದ ಜಾತಿ ಆಗಬೇಕು. ಒಣ ಗುಡ್ಡಗಳಲ್ಲಿ ಬೆಳೆಯುವ ಕಿರುಬಿದಿರು ಇದಕ್ಕೆ ತಕ್ಕದ್ದು. ಮುಳ್ಳಿಲ್ಲದೆ, ಒಳಗೆ ಹೆಚ್ಚು ಟೊಳ್ಳಿಲ್ಲದೆ ಬೆಳೆಯುವ ಸೀಮೆ ಬಿದಿರು (ಮಾರಿಹಾಳ ಬಿದಿರು ಎಂದೂ ಕರೆಯುವರು) ತೋಟದಂಚಿಗೆ ಇನ್ನೂ ಅನುಕೂಲ. ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರು ಈ ಜಾತಿಯನ್ನು ರೈತರಲ್ಲಿ ಹರಡಲು ಶ್ರಮಿಸಿದ್ದಾರೆ. ಮುಳ್ಳಿನ ಹೆಬ್ಬಿದಿರೇ ಇದ್ದವರು ಬುಡದ ಕಡೆಯ ದಪ್ಪ ಗೋಡೆಯ ಭಾಗವನ್ನು ಬಳಸಬಹುದು.

ಗಳಕ್ಕೆ ಮೂರು ವರ್ಷ ಮೀರಿರಬೇಕು. ಎಳೆಯ ಗಳದಲ್ಲಿ ನೀರು ಹೆಚ್ಚು, ಒಣಗಿದಾಗ ಕುಗ್ಗಿ ತಿರುಚುತ್ತದೆ. ಹೊರಗೆ ಬಿಳಿಯ ಹುಡಿ, ಗೆಣ್ಣಿಗೆ ಅಂಟಿದ ಹಾಳೆ ಇದ್ದರೆ ಅದು ಎಳೆಯದು. ಹುಡಿ ಅಳಿದು ಮೈಮೇಲೆ ಕಲೆ ಬಿದ್ದು, ಮಚ್ಚಿನ ಹಿಂಬದಿಯಿಂದ ತಟ್ಟಿದರೆ ಗಟ್ಟಿ ಸದ್ದು ಬರುವುದು ಬಲಿತದ್ದು. ಮಳೆಗಾಲ ಕಳೆದು, ಕಾರ್ತಿಕದಿಂದ ಮಾಘದೊಳಗೆ ಕಡಿಯಬೇಕು. ಆಗ ಬಿದಿರಿನಲ್ಲಿ ಪಿಷ್ಟ ಕಡಿಮೆ. ಕುಟ್ಟೆ ಹುಳು ಬರುವುದು ಪಿಷ್ಟಕ್ಕಾಗಿ. ಕಡಿದ ತುಂಡುಗಳನ್ನು ಹರಿಯುವ ನೀರಿನಲ್ಲೋ ಕೃಷಿಹೊಂಡದಲ್ಲೋ ಎರಡು ಮೂರು ವಾರ ಮುಳುಗಿಸಿಟ್ಟರೆ ಉಳಿದ ಪಿಷ್ಟವೂ ಕರಗಿ ಹೋಗುತ್ತದೆ. ಆಮೇಲೆ ನೆರಳಿನಲ್ಲಿ ನಿಲ್ಲಿಸಿ ಎರಡು ಮೂರು ತಿಂಗಳು ಒಣಗಲು ಬಿಡಿ. ಬಿಸಿಲಿಗೆ ಹಾಕಿ ಅವಸರ ಮಾಡಿದರೆ ಸೀಳು ಬಿಡುತ್ತದೆ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇವೆ. 2017ರಲ್ಲಿ ಕೇಂದ್ರ ಸರ್ಕಾರವು 1927ರ ಭಾರತೀಯ ಅರಣ್ಯ ಕಾಯ್ದೆಯ ‘ಮರ’ ಎಂಬ ವ್ಯಾಖ್ಯೆಯಿಂದ ಬಿದಿರನ್ನು ತೆಗೆಯಿತು. ನಮ್ಮ ರಾಜ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ಉಂಟು. ಸ್ವಂತ ಜಮೀನಿನದಾದರೂ ಲಾರಿಗೆ ಹೇರಿ ಸಾಗಿಸುವ ಮುನ್ನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಒಮ್ಮೆ ವಿಚಾರಿಸುವುದು ಕ್ಷೇಮ.

ಸೀಳಿನಿಂದ ಕಡ್ಡಿ

ಮೂರು ಅಂಗುಲ ಅಡ್ಡಳತೆಯ ಗಳದಲ್ಲಿ 32 ಅಂಗುಲ ಉದ್ದದ ಒಂದು ತುಂಡನ್ನು ಕತ್ತರಿಸಿ. ಅದನ್ನು 12 ಮಿಲಿಮೀಟರ್ ಅಗಲಕ್ಕೆ ಸೀಳಿದರೆ ಹದಿನೆಂಟು ಇಪ್ಪತ್ತು ಸೀಳು ಸಿಗುತ್ತವೆ. ಅವುಗಳಲ್ಲಿ ಹನ್ನೆರಡನ್ನು ಆರಿಸಲು ಸಾಕು. ಇಲ್ಲೊಂದು ಮುಖ್ಯ ವಿಷಯವಿದೆ. ಒಂದೇ ತುಂಡಿನಿಂದ ಬಂದ ಸೀಳುಗಳಿಗೆ ವಯಸ್ಸು ಒಂದೇ, ಬೆಳೆದ ನೆಲ ಒಂದೇ, ಗೆಣ್ಣು ಬರುವ ಜಾಗವೂ ಒಂದೇ. ಬೇರೆ ಬೇರೆ ಗಳದಿಂದ ಆರಿಸಿದ ಸೀಳುಗಳನ್ನು ಎಷ್ಟು ಉಜ್ಜಿದರೂ ಈ ಹೊಂದಿಕೆ ಬರುವುದಿಲ್ಲ. ಆದ್ದರಿಂದ ಒಂದು ಜೊತೆಯ ಹನ್ನೆರಡು ಅಂಬು ಒಂದೇ ತುಂಡಿನ ಮಕ್ಕಳಾಗಿರಲಿ.

ಸೀಳಿನ ಒಳಭಾಗದ ಮೆದು ತಿರುಳನ್ನು ಕೆರೆದು ಹಾಕಿ, ಹೊರಸಿಪ್ಪೆಯ ಕಡೆಯನ್ನು ಆದಷ್ಟು ಉಳಿಸಿಕೊಳ್ಳಬೇಕು; ಬಿದಿರಿನ ಶಕ್ತಿಯೆಲ್ಲ ಆ ಹೊರಪದರದ ನಾರಿನಲ್ಲಿದೆ. ಮೊದಲು ನಾಲ್ಕು ಮೂಲೆ ಸಮ ಮಾಡಿ, ಆಮೇಲೆ ಮೂಲೆ ಹೊಡೆದು ಎಂಟು ಮುಖ ಮಾಡಿ, ಕೊನೆಗೆ ಹತ್ತರಿ ಮತ್ತು ಉಪ್ಪುಕಾಗದದಿಂದ ದುಂಡು ಮಾಡುವುದು ಕ್ರಮ. ಗೆಣ್ಣಿನ ಉಬ್ಬನ್ನು ತೆಗೆಯುವಾಗ ಕೈ ಹಗುರವಿರಲಿ, ಆಳಕ್ಕೆ ಇಳಿದರೆ ಕಡ್ಡಿ ಅಲ್ಲೇ ಮುರಿಯುತ್ತದೆ. ದಪ್ಪ ಅಳೆಯಲು ಒಂದು ದಪ್ಪ ತಗಡಿನಲ್ಲಿ 8.5, 8, 7.5, 7 ಮಿಲಿಮೀಟರ್ ತೂತುಗಳನ್ನು ಕೊರೆಸಿಟ್ಟುಕೊಂಡರೆ ಬೇರೆ ಉಪಕರಣ ಬೇಕಿಲ್ಲ. ಬೀಜ ಜಾಲರಿಯಲ್ಲಿ ಇಳಿದಂತೆ ಕಡ್ಡಿ ಆ ತೂತಿನಲ್ಲಿ ತುದಿಯಿಂದ ತುದಿಗೆ ಸರಾಗವಾಗಿ ಸರಿಯಬೇಕು.

ಬೆಂಕಿಯಲ್ಲಿ ನೆಟ್ಟಗೆ

ಹುಟ್ಟಾ ನೆಟ್ಟಗಿರುವ ಬಿದಿರಿಲ್ಲ. ಅಗ್ಗಿಷ್ಟಿಕೆಯ ಕೆಂಡದ ಮೇಲೆ, ಉರಿ ತಾಕದಂತೆ, ಸೊಟ್ಟಗಿರುವ ಜಾಗವನ್ನು ತಿರುಗಿಸುತ್ತಾ ಕಾಯಿಸಬೇಕು. ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾದಾಗ ಬಿದಿರು ಮೆತ್ತಗಾಗುತ್ತದೆ. ಆಗ ಬಟ್ಟೆಯಲ್ಲಿ ಹಿಡಿದು ಸೊಟ್ಟಕ್ಕೆ ಎದುರಾಗಿ ಬಾಗಿಸಿ, ಆರುವವರೆಗೆ ಹಾಗೆಯೇ ಹಿಡಿಯಬೇಕು. ಬಿಸಿಯಿರುವಾಗಲೇ ಕೈಬಿಟ್ಟರೆ ಮತ್ತೆ ಹಳೆಯ ದಾರಿಗೇ ಬರುತ್ತದೆ. ನೆಟ್ಟಗಾಯಿತೇ ಎಂದು ನೋಡಲು ಒಂದು ಕಣ್ಣು ಮುಚ್ಚಿ ತುದಿಯಿಂದ ತುದಿಗೆ ನೋಡುವುದು ಒಂದು ಬಗೆ. ಗಾಜಿನ ಮೇಲೆ ಉರುಳಿಸಿ ತೊನೆಯುವುದೇ ಎಂದು ನೋಡುವುದು ಇನ್ನೊಂದು. ವಾರ ಬಿಟ್ಟು ಮತ್ತೊಮ್ಮೆ ನೋಡಿ, ತಿರುಗಿಬಿದ್ದವನ್ನು ಮತ್ತೆ ಕೆಂಡಕ್ಕೆ ಹಿಡಿಯಬೇಕು. ಮಳೆಗಾಲ ಕಳೆದ ಮೇಲೆ ಹಳೆಯ ಅಂಬುಗಳಿಗೂ ಈ ಉಪಚಾರ ಬೇಕಾಗುತ್ತದೆ.

ಎರಡು ಮೊಳೆ, ಒಂದು ತೂಕ

ಅಂಬು ಬಿಲ್ಲಿನಿಂದ ನೇರವಾಗಿ ಹೊರಡುತ್ತದೆಂದು ನಾವೆಲ್ಲ ತಿಳಿದಿದ್ದೇವೆ. ಹಾಗಲ್ಲ. ಹೆದೆ ಹಿಂದಿನಿಂದ ನೂಕಿದಾಗ ಅಂಬು ಹಾವಿನಂತೆ ಬಾಗಿ, ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ದಾಟಿ, ಆ ಮೇಲೆ ನೆಟ್ಟಗಾಗುತ್ತದೆ. 1930ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಛಾಯಾಗ್ರಹಣದಿಂದ ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದರು. ಬಿಲ್ಲಿನ ಬಲಕ್ಕೆ ತಕ್ಕಷ್ಟೇ ಅಂಬು ಬಾಗಬೇಕು. ಬಲಗೈಯವನ ಬಿಲ್ಲಿನಲ್ಲಿ ಹೆಚ್ಚು ಗಡಸಾದ ಅಂಬು ಎಡಕ್ಕೆ, ಹೆಚ್ಚು ಮೆದುವಾದದ್ದು ಬಲಕ್ಕೆ ಹೋಗುತ್ತದೆ.

ಇದನ್ನು ಅಳೆಯುವುದು ಸುಲಭ. ಹಲಗೆಯ ಮೇಲೆ 26 ಅಂಗುಲ ಅಂತರದಲ್ಲಿ ಎರಡು ಮೊಳೆ ಹೊಡೆದು ಕಡ್ಡಿಯನ್ನು ಅವುಗಳ ಮೇಲೆ ಅಡ್ಡ ಇಡಿ. ಸರಿಯಾಗಿ ನಡುವಿಗೆ ಎರಡು ಪೌಂಡ್, ಎಂದರೆ 907 ಗ್ರಾಂ ತೂಕವನ್ನು ತೂಗುಹಾಕಿ, ನಡು ಎಷ್ಟು ಇಳಿಯಿತೆಂದು ಅಳೆಯಿರಿ. 40 ಪೌಂಡ್ ಬಿಲ್ಲಿಗೆ ಕಡ್ಡಿ ಸುಮಾರು 16.5 ಮಿಲಿಮೀಟರ್ ಇಳಿಯಬೇಕು. 30 ಪೌಂಡಿಗೆ 22. ಮಕ್ಕಳ 20 ಪೌಂಡ್ ಬಿಲ್ಲಿಗೆ 33. ಬಿಲ್ಲಿನ ಬಲ ಅಳೆಯಲು ಕಾಫಿ ಹಣ್ಣು ತೂಗುವ ಕೊಕ್ಕೆಯ ತಕ್ಕಡಿಯೇ ಸಾಕು. ಹೆದೆಯನ್ನು ಕೊಕ್ಕೆಗೆ ಸಿಕ್ಕಿಸಿ, ಬಿಡುವವನು ಎಳೆಯುವಷ್ಟು ಉದ್ದಕ್ಕೆ ಎಳೆದರೆ 20 ಪೌಂಡಿಗೆ 9 ಕಿಲೋ, 30ಕ್ಕೆ ಹದಿಮೂರೂವರೆ, 40ಕ್ಕೆ 18 ಕಿಲೋ ತೋರಿಸುತ್ತದೆ. ಕಡ್ಡಿಯ ಸಿಪ್ಪೆಯ ಕಡೆಯನ್ನು ಗುರುತು ಮಾಡಿ, ಎಲ್ಲ ಕಡ್ಡಿಗಳನ್ನೂ ಆ ಕಡೆ ಮೇಲಾಗಿಯೇ ಇಟ್ಟು ಅಳೆಯಬೇಕು. ಇಳಿತ ಕಡಿಮೆಯಾದರೆ ಸ್ವಲ್ಪ ಕೆರೆಯಿರಿ, ಆದರೆ ಎಚ್ಚರಿಕೆ. 8 ಮಿಲಿಮೀಟರ್ ಕಡ್ಡಿಯನ್ನು ಏಳೂವರೆಗೆ ತಂದರೆ ಅದರ ಗಡಸು ಕಾಲುಭಾಗದ ಹತ್ತಿರಕ್ಕೆ ಕಡಿಮೆಯಾಗುತ್ತದೆ. ಕೆರೆದದ್ದನ್ನು ಮತ್ತೆ ಅಂಟಿಸಲಾಗದು.

ಆಮೇಲೆ ತೂಕ. ಅಕ್ಕಸಾಲಿಗರ ತಕ್ಕಡಿಯಲ್ಲಿ ಹನ್ನೆರಡನ್ನೂ ತೂಗಿ, ಒಂದಕ್ಕೊಂದು ಅರ್ಧ ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಾರದಂತೆ ನೋಡಿಕೊಳ್ಳಬೇಕು. ಒಂದು ಗ್ರಾಂ ವ್ಯತ್ಯಾಸವೂ 30 ಮೀಟರ್ ದೂರದಲ್ಲಿ ಎರಡು ಮೂರು ಬೆರಳಿನಷ್ಟು ಮೇಲೆ ಕೆಳಗೆ ಮಾಡುತ್ತದೆ. ಸಿದ್ಧವಾದ ಅಂಬು ಬಿಲ್ಲಿನ ಒಂದು ಪೌಂಡ್ ಬಲಕ್ಕೆ ಅರ್ಧ ಗ್ರಾಂಗಿಂತ ಹಗುರವಾಗಿರಕೂಡದು. ಅತಿ ಹಗುರವಾದ ಅಂಬು ಬಿಲ್ಲನ್ನೇ ಮುರಿಯುತ್ತದೆ.

ಗರಿ, ಹಿಳುಕು, ಮೊನೆ

ಉದ್ದ ಗೊತ್ತುಮಾಡುವುದು ಬಿಡುವವನ ಮೈಯಳತೆಯಿಂದ. ಎರಡು ಕೈಗಳನ್ನೂ ಚಾಚಿ ನಿಂತಾಗ ಬೆರಳ ತುದಿಯಿಂದ ಬೆರಳ ತುದಿಗೆ ಎಷ್ಟು ಅಂಗುಲವೋ ಅದನ್ನು ಎರಡೂವರೆಯಿಂದ ಭಾಗಿಸಿದರೆ ಎಳೆತದ ಉದ್ದ ಬರುತ್ತದೆ. 60 ಅಂಗುಲ ಚಾಚಿನ ಮಗುವಿಗೆ 24 ಅಂಗುಲ. ಅಂಬು ಅದಕ್ಕಿಂತ ಒಂದೆರಡು ಅಂಗುಲ ಉದ್ದವಿರಬೇಕು. ಉದ್ದ ಹೆಚ್ಚಾದರೆ ಅಪಾಯವಿಲ್ಲ. ಕಡಿಮೆಯಾದರೆ ಮೊನೆ ಬಿಲ್ಲಿನ ಒಳಗೆ ಸರಿದು ಕೈಗೆ ನೆಡುತ್ತದೆ.

ಹಿಂದಿನ ತುದಿಯಲ್ಲಿ ಹೆದೆ ಕೂರುವ ಕಚ್ಚನ್ನು ಗರಗಸದಿಂದ ಕೊರೆದು ಅರದಿಂದ ನಯಗೊಳಿಸಬೇಕು. ಸಿಪ್ಪೆಯ ಪದರಕ್ಕೆ ಅಡ್ಡಲಾಗಿ ಕೊರೆಯಿರಿ. ಪದರದ ನಡುವೆಯೇ ಕೊರೆದರೆ ಹೆದೆಯ ಹೊಡೆತಕ್ಕೆ ಕಡ್ಡಿ ಎರಡಾಗುತ್ತದೆ. ಕಚ್ಚಿನ ಕೆಳಗೆ ನೂಲನ್ನು ಒತ್ತಾಗಿ ಸುತ್ತುವುದು ಕಡ್ಡಾಯ. ಇದಕ್ಕೆ ರೇಷ್ಮೆಯ ಹುರಿನೂಲಿನಂಥ ವಸ್ತು ಬೇರೆಯಿಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಉಳಿದ ತುಂಡುನೂಲೇ ಸಾಕು. ಮೇಲೆ ಅರಗಿನ ಮೆರುಗು ಹಚ್ಚಿದರೆ ನೀರು ತಾಗದು.

ಗರಿ ಮೂರು, ತಲಾ ನಾಲ್ಕು ಅಂಗುಲ. ಸೀಮೆಕೋಳಿ ಅಥವಾ ಬಾತಿನ ರೆಕ್ಕೆಯ ದೊಡ್ಡ ಗರಿಗಳನ್ನು ದಂಟಿನ ಉದ್ದಕ್ಕೂ ಸೀಳಿ ಅಂಟಿಸುತ್ತಾರೆ. ಮೂರೂ ಒಂದೇ ಕಡೆಯ ರೆಕ್ಕೆಯವಾಗಿರಬೇಕು. ಎಡದ್ದು ಬಲದ್ದು ಬೆರೆತರೆ ಒಂದು ಗರಿ ಅಂಬನ್ನು ಒಂದು ಕಡೆಗೆ ತಿರುಗಿಸಿದರೆ ಇನ್ನೊಂದು ಅದಕ್ಕೆದುರು ತಿರುಗಿಸುತ್ತದೆ. ಒಂದು ಗರಿ ಕಚ್ಚಿಗೆ ಅಡ್ಡಲಾಗಿ, ಬಿಲ್ಲಿನಿಂದ ಹೊರಗೆ ಚಾಚುವಂತೆ ಬರಬೇಕು. ಹದ್ದು, ರಣಹದ್ದುಗಳ ಗರಿಯನ್ನು ಹಿಂದೆ ಬಳಸುತ್ತಿದ್ದರೂ ಇಂದು ಅದಕ್ಕೆ ಕೈಹಾಕಬಾರದು.

ಮೊನೆ ಕುಲುಮೆಯ ಕೆಲಸ. ಗುರಿಗೆ ಹೊಡೆಯುವ ಅಂಬಿಗೆ ಅಲಗು ಬೇಡ. ಆರರಿಂದ ಎಂಟು ಗ್ರಾಂ ತೂಕದ, ಮೊಂಡಾದ ಕಬ್ಬಿಣದ ಟೋಪಿ ಸಾಕು. ಎಲ್ಲ ಮುಗಿದ ಮೇಲೆ ಅಂಬನ್ನು ಬೆರಳಿನ ಮೇಲೆ ತೂಗಿಸಿ ನೋಡಿ. ತೂಗಿ ನಿಲ್ಲುವ ಜಾಗ ನಡುವಿನಿಂದ ಮುಂದಕ್ಕೆ, ಉದ್ದದ ಹತ್ತನೆಯ ಒಂದು ಪಾಲಿನಷ್ಟು ಇದ್ದರೆ ಅಂಬು ಸಮನಾಗಿ ಹಾರುತ್ತದೆ.

ತೋಟಕ್ಕೆ ಬರುವ ಪ್ರಾಣಿಗಲ್ಲ

ಇಲ್ಲಿಯವರೆಗೆ ಓದಿದ ಸದಸ್ಯರಲ್ಲಿ ಕೆಲವರ ಮನಸ್ಸು ಮಂಗಗಳ ಕಡೆಗೂ ಹಂದಿಗಳ ಕಡೆಗೂ ಹೋಗಿರುತ್ತದೆಂಬುದು ನಮಗೆ ಗೊತ್ತು. ಎಳೆ ಅಡಿಕೆ ಕಿತ್ತು ಚೆಲ್ಲುವ ಮಂಗ, ಒಂದೇ ರಾತ್ರಿಗೆ ಬಾಳೆ ಬುಡ ಅಗೆಯುವ ಹಂದಿ ಕೊಡುವ ನೋವು ಸಣ್ಣದಲ್ಲ. ಆದರೂ ಸ್ಪಷ್ಟವಾಗಿ ಹೇಳುತ್ತೇವೆ: ಅಂಬು ಅದಕ್ಕಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮುಂದೆ ಕೋವಿಯ ಬೇಟೆಗೂ ಬಿಲ್ಲಿನ ಬೇಟೆಗೂ ಭೇದವಿಲ್ಲ. ಅಂಬು ತಾಗಿದ ಪ್ರಾಣಿ ಅಲ್ಲೇ ಬೀಳುವುದೂ ಇಲ್ಲ. ಗಾಯದೊಂದಿಗೆ ದಿನಗಟ್ಟಲೆ ನರಳುತ್ತದೆ, ಗಾಯಗೊಂಡ ಹಂದಿ ಮಾರನೆಯ ಬೆಳಿಗ್ಗೆ ಕೂಲಿಗೆ ಬಂದ ಹೆಣ್ಣಾಳಿನ ಮೇಲೆ ಏರಿ ಬರುತ್ತದೆ. ಬೆಳೆ ನಷ್ಟಕ್ಕೆ ಅರಣ್ಯ ಇಲಾಖೆಯಲ್ಲಿ ಅರ್ಜಿ ಕೊಟ್ಟು ಪರಿಹಾರ ಕೇಳುವುದೇ ದಾರಿ.

ಆಟದಲ್ಲೂ ಅಂಬು ಆಯುಧವೇ. ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರಬೇಕು, ಅದರಾಚೆ ಜನ ದನ ಓಡಾಡಬಾರದು. ಎಲ್ಲರೂ ಬಿಟ್ಟು ಮುಗಿಸಿ ಬಿಲ್ಲು ಕೆಳಗಿಟ್ಟ ಮೇಲೆಯೇ ಅಂಬು ಆಯಲು ಹೋಗಬೇಕು. ಆಕಾಶಕ್ಕೆ ಎಂದೂ ಬಿಡಬಾರದು. ಪ್ರತಿ ಸಲ ಹೂಡುವ ಮುನ್ನ ಅಂಬನ್ನು ಕಿವಿಯ ಬಳಿ ಮೆಲ್ಲಗೆ ಬಾಗಿಸಿ, ಚಿಟಿಚಿಟಿ ಸದ್ದು ಬಂದರೆ ಅದನ್ನು ಅಲ್ಲೇ ಮುರಿದು ಎಸೆಯಿರಿ. ಬಿರುಕು ಬಿಟ್ಟ ಅಂಬು ಬಿಲ್ಲಿನಲ್ಲೇ ಒಡೆದು ಬಿಡುವವನ ಅಂಗೈಗೆ ಹೊಕ್ಕುತ್ತದೆ. ದೊಡ್ಡವರೊಬ್ಬರು ಜೊತೆಯಲ್ಲಿಲ್ಲದೆ ಮಕ್ಕಳ ಕೈಗೆ ಬಿಲ್ಲು ಕೊಡಲೇಬಾರದು.

ಯಾರಿಗೆ ಇದರ ಪ್ರಯೋಜನ

ಒಲಿಂಪಿಕ್ಸ್ ಕೂಟಕ್ಕೆ ಬಿಲ್ಲುವಿದ್ಯೆ 1972ರಲ್ಲಿ ಮರಳಿ ಬಂತು. ಮರುವರ್ಷ, 1973ರಲ್ಲಿ, ಭಾರತೀಯ ಬಿಲ್ಲುಗಾರಿಕೆ ಸಂಸ್ಥೆ ಹುಟ್ಟಿತು. ಅಂತರರಾಷ್ಟ್ರೀಯ ಸ್ಪರ್ಧೆಯ ಬಿಲ್ಲು ಅಂಬುಗಳ ಬೆಲೆ ಲಕ್ಷಗಳಲ್ಲಿದೆ. ಆದರೆ ನಮ್ಮ ದೇಶದಲ್ಲಿ ‘ಇಂಡಿಯನ್ ರೌಂಡ್’ ಎಂಬ ಬೇರೆಯೇ ವಿಭಾಗವಿದೆ. ಅದರಲ್ಲಿ ಬಳಸುವುದು ಬಿದಿರಿನ ಬಿಲ್ಲು, ಬಿದಿರು ಅಥವಾ ಮರದ ಅಂಬು. ದೂರ 50 ಮತ್ತು 30 ಮೀಟರ್. ಕಲಿಯುವವರು ಮೊದಲು ಹತ್ತುವ ಮೆಟ್ಟಿಲು ಇದು. ರಾಂಚಿ ಬಳಿಯ ಆಟೋ ಚಾಲಕರ ಮಗಳು ದೀಪಿಕಾ ಕುಮಾರಿ ಬಾಲ್ಯದಲ್ಲಿ ಮನೆಯಲ್ಲೇ ಮಾಡಿದ ಬಿದಿರಿನ ಬಿಲ್ಲು ಅಂಬುಗಳಿಂದ ಕಲಿತು, 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಎರಡು ಚಿನ್ನದ ಪದಕ ಗೆದ್ದರು. ಆ ಬಿದಿರು ನಮ್ಮ ಮೆಳೆಯ ಬಿದಿರಿಗಿಂತ ಮೇಲಲ್ಲ.

ನಮ್ಮ ಸೂಚನೆ ಸಣ್ಣದು. ಗುಂಪಿನ ಪ್ರತಿ ಊರಿನ ಶಾಲೆಯ ಹಿಂದೆ ಒಂದು ಮಣ್ಣಿನ ದಿಬ್ಬ, ಅದರ ಮುಂದೆ ಹುಲ್ಲಿನ ಹಗ್ಗವನ್ನು ಸುರುಳಿ ಸುತ್ತಿ ಹೊಲಿದ ಒಂದು ಗುರಿ. ಹುಲ್ಲು ಭತ್ತದ್ದಾದರೆ ಮೇಲು. ರಾಗಿ ಹುಲ್ಲು ಹಾಕಿದರೆ ರಾತ್ರಿ ದನಗಳೇ ಗುರಿ ಮುಗಿಸುತ್ತವೆ. ಗಳ ಬೆಳೆಗಾರರದು. ಸೀಳುವ ಕೆಲಸ ಮೇದರದು, ಅದಕ್ಕೆ ಅವರು ಕೇಳಿದ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಬೇಕು. ಬುಟ್ಟಿಯ ಬೆಲೆಯಲ್ಲಿ ಅಂಬು ಕೇಳಬಾರದು. ಬುಟ್ಟಿಗೆ ಬೇಕಾದ ಸಮತೆಗಿಂತ ಅಂಬಿಗೆ ಬೇಕಾದದ್ದು ಹೆಚ್ಚು, ಹಾಳಾಗುವ ಸೀಳೂ ಹೆಚ್ಚು. ಮೊದಲ ಹನ್ನೆರಡಕ್ಕೆ ವಾರಗಟ್ಟಲೆ ಹಿಡಿದೀತು. ಕೈ ಪಳಗಿದ ಮೇಲೆ, ಒಂದು ಜೊತೆ ಮಾಡಿ ತೋರಿಸಿದ ಮೇಲೆ, ಕ್ರೀಡಾ ಶಾಲೆಗಳವರು ತಾವೇ ಕೇಳಿಕೊಂಡು ಬರಬಹುದು, ಬಾರದೆಯೂ ಇರಬಹುದು. ಬಾರದಿದ್ದರೂ ಊರಿನ ಮಕ್ಕಳ ಕೈಯಲ್ಲಿ ಅಂಬು ಇರುತ್ತದೆ. ಚಂದ್ರಿಕೆಯೊಂದಿಗೆ ಮರೆಯಾಗುತ್ತಿರುವ ಕೈಗೆ ಒಂದು ಕೆಲಸವೂ ಇರುತ್ತದೆ. ಆ ಕೈ ಒಂದು ತಲೆಮಾರು ಸುಮ್ಮನೆ ಕೂತರೆ ಮೆಳೆಯಲ್ಲಿ ಎಷ್ಟು ಬಿದಿರಿದ್ದೂ ಉಪಯೋಗವಿಲ್ಲ.

ಬರುವ ಕಾರ್ತಿಕದಲ್ಲಿ ಮೆಳೆಗೆ ಮಚ್ಚು ಹಾಕುವಾಗ, ನಾಲ್ಕನೆಯ ವರ್ಷಕ್ಕೆ ಬಿದ್ದ ನೇರವಾದ ಒಂದೇ ಒಂದು ಗಳವನ್ನು ಬೇರೆ ತೆಗೆದು ನೀರಿಗೆ ಹಾಕಿರಿ. ಯುಗಾದಿಯ ಹೊತ್ತಿಗೆ ಅದು ಒಣಗಿ ಸೀಳಲು ಸಿದ್ಧವಾಗಿರುತ್ತದೆ.